ಕುಡಾ ಕಷಾಯದ ಹದ

ನನ್ನ ಮಾತು ಕಹಿ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುವವರು ಕುಡಾ ತೊಗಟೆಯ ಕಷಾಯ ಕುಡಿದವರಲ್ಲ. ಕುಡಿದಿದ್ದರೆ ನನ್ನ ಮಾತನ್ನು ಪಾಯಸ ಎಂದುಕೊಂಡು ಬಟ್ಟಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕುಡಾ ಎಂದರೆ ಖಾನಾಪುರದ ಆಚೆ, ಕಣಕುಂಬಿಯ ದಾರಿಯ ಅಡವಿಯಲ್ಲಿ ಬೆಳೆಯುವ ಗಿಡ. ಓದಿದವರು ಅದನ್ನು ಕೊಡಸಿಗೆ ಎನ್ನುತ್ತಾರಂತೆ. ಹೆಸರು ಬದಲಿಸಿದರೆ ಕಹಿಯೇನೂ ಕಡಿಮೆಯಾಗುವುದಿಲ್ಲ. ಮಳೆಗಾಲದಲ್ಲಿ ಹೊಟ್ಟೆ ಕೆಡಬಾರದೆಂದು ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ ಅದರ ತೊಗಟೆಯ ಕಷಾಯವನ್ನು ಖಾಲಿ ಹೊಟ್ಟೆಗೆ ಒಂದು ಸಣ್ಣ ಲೋಟ ಕುಡಿಯುವುದು ನಮ್ಮ ಮನೆತನದ ಪದ್ಧತಿ. ಊರು ಬಿಟ್ಟು ಪಟ್ಟಣಕ್ಕೆ, ಟಿಳಕವಾಡಿಯ ಮಗನ ಮನೆಗೆ ಬಂದ ಮೇಲೂ ಅದೊಂದನ್ನು ನಾನು ಬಿಟ್ಟಿಲ್ಲ. ಬೇರೆಲ್ಲ ಬಿಟ್ಟಿದ್ದೇನೆ. ಸಾರಿನ ಉಪ್ಪು ಸೊಸೆ ಸುಮಿತ್ರಾಳ ಕೈಗೆ ಹೋಯಿತು, ಚಹಾ ಸಕ್ಕರೆಯ ಡಬ್ಬಿ ಹೋಯಿತು, ರೊಟ್ಟಿಯ ಹಂಚು ಯಾವಾಗಲೋ ಹೋಯಿತು. ಅಡುಗೆಮನೆಯಲ್ಲಿ ನನ್ನ ಮಾತು ನಡೆಯುವುದು ವರ್ಷಕ್ಕೆ ಒಂದೇ ಒಂದು ಬೆಳಿಗ್ಗೆ. ಈ ವರ್ಷ ಆ ಒಂದು ಬೆಳಿಗ್ಗೆಯೂ ಕೈತಪ್ಪುವ ಹೊತ್ತು ಬಂದಿತ್ತು.

ಕಷಾಯ ಮಾಡುವುದು ದೊಡ್ಡ ವಿದ್ಯೆಯಲ್ಲ. ತೊಗಟೆ ಜಜ್ಜಿ ನೀರಿಗೆ ಹಾಕು, ನಾಲ್ಕು ಕಾಳು ಮೆಣಸು, ಚಿಟಿಕೆ ಅಜವಾನ, ಕುದಿಸು. ಯಾವಾಗ ಇಳಿಸಬೇಕು ಎನ್ನುವುದೇ ವಿದ್ಯೆ. ಸುಮಿತ್ರಾ ಶಾಲೆಯಲ್ಲಿ ಪಾಠ ಹೇಳುವವಳು. ಇಷ್ಟು ನೀರು ಇಷ್ಟಕ್ಕೆ ಇಳಿಯಬೇಕೆಂದು ಮೊಬೈಲಿನಲ್ಲಿ ಓದಿ ಹೇಳುತ್ತಾಳೆ. ನಾನು ಓದಿದ್ದು ಎರಡನೇ ಇಯತ್ತೆ. ನಮ್ಮ ಅತ್ತೆ ಅಷ್ಟೂ ಓದಿರಲಿಲ್ಲ, ಆದರೆ ಅವರ ಅಳತೆ ಪಕ್ಕಾ. ಒಂದು ಹನಿಯನ್ನು ನಾಲಿಗೆಯ ಹಿಂಬದಿಗೆ ಬಿಟ್ಟುಕೊಂಡು ಗಂಡನ ಹೆಸರಿನ ಒಡಪು ಹೇಳಬೇಕು. ಪೂರ್ತಿ ಹೇಳಲು ಬಂದರೆ ಅದಿನ್ನೂ ನೀರು. ಬಾಯಿಯೇ ಬಿಡಲಾಗದಿದ್ದರೆ ವಿಷ. ನಡುವೆ ಸಿಕ್ಕಿಕೊಂಡರೆ ಹದ. ಗಂಡನ ಹೆಸರನ್ನು ಸುಮ್ಮನೆ ಹೇಳುವ ಕಾಲ ಅದಾಗಿರಲಿಲ್ಲ, ಒಡಪಿನಲ್ಲಿ ಕಟ್ಟಿಯೇ ಹೇಳಬೇಕಿತ್ತು. ನನ್ನ ಒಡಪು ಇದು: “ಖಾನಾಪುರದ ಸಂತ್ಯಾಗ ತಂದೇನಿ ಹಸರು ಸೀರಿ, ಕಲ್ಲಪ್ಪನವರು ಬರ್ತಾರ, ಬಾಜೂಕ ಸರೀರಿ.” ಎಷ್ಟೋ ವರ್ಷ ನಾನು ‘ಕಲ್ಲ’ ಎಂಬಲ್ಲಿಗೆ ನಿಂತು ಬೋಗುಣಿ ಇಳಿಸಿದ್ದೇನೆ. ಆ ಕಲ್ಲಪ್ಪ ತೀರಿಕೊಂಡ ಮೇಲೂ ಅಳತೆ ಬದಲಿಸಲಿಲ್ಲ. ಅಳತೆಗೆ ಜೀವ ಇರಬೇಕೆಂದೇನಿಲ್ಲ.

ಈ ಸಲವೂ ಹನಿ ಬಿಟ್ಟುಕೊಂಡು ಒಡಪು ಶುರು ಮಾಡಿದೆ. ಹಸಿರು ಸೀರೆ ದಾಟಿತು, ಕಲ್ಲಪ್ಪ ದಾಟಿದರು, ಬಾಜೂಕ ಸರಿದೂ ಆಯಿತು. ಇನ್ನೂ ನೀರು ಎಂದು ಮತ್ತಷ್ಟು ಕುದಿಸಿದೆ. ಮತ್ತೆ ಹೇಳಿದೆ, ಎಲ್ಲಿಯೂ ತಡೆಯಲಿಲ್ಲ. ಮೂರನೆಯ ಸಲ ಒಡಪಿಗೆ ರಾಗವೂ ಬಂತು. ಬೋಗುಣಿಯಲ್ಲಿ ನೀರು ಕಾಲು ಭಾಗಕ್ಕೆ ಇಳಿದು ಡಾಂಬರಿನ ಬಣ್ಣಕ್ಕೆ ತಿರುಗಿತ್ತು. ತಪ್ಪು ತೊಗಟೆಯದೇ ಎಂದು ನನಗೆ ಖಾತ್ರಿಯಾಯಿತು. ತೊಗಟೆ ಕಳಿಸಿದವನು ಊರಲ್ಲಿರುವ ನನ್ನ ತಮ್ಮ ನಾಗಪ್ಪ. ಕೂಡಲೇ ಫೋನು ಹಚ್ಚಿಸಿದೆ.

“ಏ ನಾಗ್ಯಾ, ಕುಡಾ ಕಳಸು ಅಂದ್ರ ಒಲಿ ಕಟಗಿ ಕಳಿಸಿಯೇನೋ?”

“ಯಕ್ಕಾ, ಖರೇ ಹೇಳ್ತೀನಿ, ಅದss ಗಿಡದ್ದ ನಾನೂ ಕುಡದೇನಿ. ಬಾಯಿ ಸೆಟದೈತಿ, ಮಾತಾಡಾಕ ಬರವಲ್ದು.”

“ಮಾತಾಡಾಕ ಹತ್ತಿಯಲ್ಲೋ, ಸುಳ್ಳ!” ಎಂದು ಫೋನು ಇಟ್ಟೆ.

ಅಷ್ಟರಲ್ಲಿ ಬಾಜು ಮನೆಯ ಪದ್ಮವ್ವ ಬಂದಳು. ಜೈನರ ಮನೆಯವಳು, ನನ್ನ ಓರಗೆಯವಳು. ಪ್ರತಿ ವರ್ಷ ತನ್ನ ಸ್ಟೀಲು ಲೋಟ ತಾನೇ ತಂದು ನನ್ನ ಕೈಯ ಕಷಾಯ ಕುಡಿಯುತ್ತಾಳೆ. ತೊಗಟೆಯಲ್ಲಿ ಸತ್ವವಿಲ್ಲ ಎಂದು ದೂರಿದೆ. “ನಾ ನೋಡ್ತೀನಿ ತಡೀರಿ ಯಲ್ಲವ್ವಕ್ಕ” ಎಂದು ಒಂದು ಹನಿ ಬಾಯಿಗೆ ಬಿಟ್ಟುಕೊಂಡಳು. ಒಡಪು ಹೇಳಲಿಲ್ಲ, ಬಚ್ಚಲಿಗೆ ಓಡಿದಳು. ಆರು ಸಲ ಬಾಯಿ ಮುಕ್ಕಳಿಸಿ ಬಂದು, “ಯಕ್ಕಾ, ಹೆಸರು ಒತ್ತಟ್ಟಿಗಿರ್ಲಿ, ನಮ್ಮ ಮನಿಯವರ ಮಾರೀನss ಮರತ ಹೋತು!” ಎಂದಳು.

ಅಂದರೆ ತೊಗಟೆ ಸುಳ್ಳಲ್ಲ, ನಾಗಪ್ಪನೂ ಸುಳ್ಳನಲ್ಲ. ನನ್ನ ನಾಲಿಗೆಯೇ ಸತ್ತಿತ್ತು. ಬೈಯಲು ಬದುಕಿತ್ತು, ರುಚಿಗೆ ಸತ್ತಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಆ ಡಾಂಬರನ್ನು ಎಲ್ಲರಿಗೂ ಲೋಟಕ್ಕೆ ಹೊಯ್ದು ಕೊಟ್ಟಿರುತ್ತಿದ್ದೆ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿರುತ್ತಿದ್ದರು. ಬರುವ ವರ್ಷ ನನ್ನನ್ನು ಒಲೆಯ ಹತ್ತಿರ ಯಾರೂ ಬಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುಮಿತ್ರಾ ಮೆಲ್ಲಗೆ, “ಅತ್ತ್ಯಾರ, ದಿನಾ ನೀವು ಸಾರು ಸಪ್ಪಗ ಐತಿ ಅಂತಿದ್ರೆಲ್ಲ...” ಎಂದಳು.

“ಸಾರಿನ ಮಾತು ಈಗ್ಯಾಕ?” ಎಂದೆ. ಎಷ್ಟು ದಿನದಿಂದ ಅವಳ ಸಾರಿಗೆ ಬೈಯುತ್ತಿದ್ದೇನೆಂದು ನಾನು ಎಣಿಸಲು ಹೋಗಲಿಲ್ಲ.

ಬೋಗುಣಿಗೆ ಒಂದು ತಂಬಿಗೆ ಬಿಸಿನೀರು ಸುರಿದೆ. ಆದರೆ ಹದ ನೋಡಲು ನಾಲಿಗೆ ಬೇಕಲ್ಲ. ಪದ್ಮವ್ವ ಇನ್ನೊಮ್ಮೆ ಹನಿ ಮುಟ್ಟುವುದಿಲ್ಲ ಎಂದು ಕೈಮುಗಿದಳು. ಉಳಿದವಳು ಸುಮಿತ್ರಾ. “ಬಾ, ಗಂಡನ ಹೆಸರು ಹೇಳು” ಎಂದೆ. ಅವಳು ಹನಿ ಬಿಟ್ಟುಕೊಂಡು, ಮುಖವನ್ನೆಲ್ಲ ಮುದ್ದೆ ಮಾಡಿ, ಸ್ಪಷ್ಟವಾಗಿ “ಮಹೇಶ್” ಎಂದಳು. ಇನ್ನೊಂದು ತೊಟ್ಟು ಹೆಚ್ಚಿಗೆ ಬಿಟ್ಟೆ. ಕಣ್ಣಲ್ಲಿ ನೀರು ಬಂತು, ಹೆಸರು ಮಾತ್ರ “ಮಹೇಶ್!” ಎಂದು ಇನ್ನೂ ಜೋರಾಗಿ ಬಂತು. ಒಳಗಿನಿಂದ ನನ್ನ ಮಗ, “ಏನಾತು? ಬಂದ್ನಿ!” ಎಂದು ಸಾಬೂನು ಹಚ್ಚಿದ ಮುಖದಲ್ಲೇ ಓಡಿ ಬಂದ. ಬಾಯಲ್ಲಿ ಬ್ರಷ್ಷು ಇದ್ದಾಗಲೂ, ಸಿಟ್ಟಿನಲ್ಲಿದ್ದಾಗಲೂ, ಮೇಲಿನ ಡಬ್ಬಿ ಇಳಿಸಬೇಕಾದಾಗಲೂ ಕೂಗಿ ಕೂಗಿ ಆ ಹೆಸರು ಅವಳ ಬಾಯಲ್ಲಿ ನುಣ್ಣಗಾಗಿಬಿಟ್ಟಿದೆ. ಅದನ್ನು ತಡೆಯುವ ಕಹಿ ಯಾವ ಅಡವಿಯಲ್ಲೂ ಬೆಳೆಯುವುದಿಲ್ಲ.

ಆಗ ಪದ್ಮವ್ವನಿಗೆ ಉಪಾಯ ಹೊಳೆಯಿತು. “ಸುಮಿತ್ರಾ, ನಿಮ್ಮ ಅತ್ತಿ ಹೆಸರು ಹೇಳವಾ. ಅದನ್ನ ಯಾವತ್ತೂ ಬಾಯಾಗ ಅಂದಿಲ್ಲಲ್ಲ.”

“ಅಯ್ಯ! ಅತ್ತ್ಯಾರ ಹೆಸರು ನಾ ಹೆಂಗ ಅನ್ಲ್ರಿ?”

“ರೇಷನ್ ಕಾರ್ಡಿನಾಗ ಬರಿತಿಯಲ್ಲ, ಹಂಗss ಅನ್ನು” ಎಂದೆ ನಾನು. ಎದೆಯಲ್ಲಿ ಸ್ವಲ್ಪ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಈ ಹುಡುಗಿ ಆ ಹೆಸರನ್ನೂ ಗಟಗಟನೆ ಹೇಳಿ ಮುಗಿಸಿದರೆ ನಮ್ಮ ಅತ್ತೆಯ ಅಳತೆ ಅವತ್ತಿಗೆ ಮುಗಿದು, ಮೊಬೈಲಿನ ಅಳತೆ ಶುರುವಾಗುತ್ತಿತ್ತು.

ಸುಮಿತ್ರಾ ಸೆರಗು ಸರಿ ಮಾಡಿಕೊಂಡಳು. ಹನಿ ಬಿಟ್ಟುಕೊಂಡಳು. “ಯಲ್ಲ...” ಎಂದಳು. ಕಣ್ಣು ಮುಚ್ಚಿತು, ತುಟಿ ಒಂದು ಕಡೆ ಎಳೆಯಿತು, ಉಳಿದದ್ದು “ವ್ವ್ಯಾ” ಎಂದು ಬಚ್ಚಲಿನ ಕಡೆ ಹೋಯಿತು.

“ಹದ ಬಂತು!” ಎಂದು ಪದ್ಮವ್ವ ಚಪ್ಪಾಳೆ ತಟ್ಟಿದಳು. ನಾನು ಗ್ಯಾಸು ಆರಿಸಿದೆ. ಆ ಮುಖ ಕಷಾಯಕ್ಕೆ ಹಾಗಾಯಿತೋ ನನ್ನ ಹೆಸರಿಗೆ ಹಾಗಾಯಿತೋ ಎಂದು ಕೇಳುವ ಮನಸ್ಸಾಗಿತ್ತು. ನಾಲ್ಕೂ ಲೋಟಕ್ಕೆ ನನ್ನ ಕೈಯಿಂದಲೇ ಸೋಸಿ ಕೊಟ್ಟೆ. ಎಲ್ಲರೂ ಮೂಗು ಹಿಡಿದುಕೊಂಡು ಕುಡಿದು, ಮುಖ ಕಿವುಚಿ, ಬೆಲ್ಲಕ್ಕೆ ಕೈಚಾಚಿದರು. ನಾನೂ ಕುಡಿದೆ. ಬಿಸಿನೀರು ಕುಡಿದ ಹಾಗಿತ್ತು. ಎಲ್ಲರಿಗಿಂತ ಜೋರಾಗಿ ಮುಖ ಕಿವುಚಿ, ಎಲ್ಲರಿಗಿಂತ ದೊಡ್ಡ ಬೆಲ್ಲದ ಚೂರು ಎತ್ತಿಕೊಂಡೆ.