ಕೆಂಪು ಆಟಗಾರನ ಮೇಲೆ ನನಗೆ ಬಂದ ಅನುಮಾನ

ಅನುಮಾನ ಪಡುವುದೇ ನನ್ನ ಉದ್ಯೋಗ. ಸರ್ಕಾರಿ ಕಚೇರಿಯ ವಿಜಿಲೆನ್ಸ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕಡತ ಮೂಸಿದವನು ನಾನು! ಹಾಗಾಗಿ ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಶಾಲಿನಿ, "ಅಂಕಲ್, ಗಂಡ ಹೆಂಡತಿ ಜೊತೆಯಾಗಿ ಆಡುವಾಗ ಮಿದುಳಲ್ಲಿ ಏನಾಗುತ್ತೆ ಅಂತ ನನ್ನ ಪಿಎಚ್‌.ಡಿ. ನೀವೂ ಆಂಟಿಯೂ ಲ್ಯಾಬ್‌ಗೆ ಬರ್ತೀರಾ?" ಎಂದಾಗ ಎದೆಯುಬ್ಬಿಸಿ ಒಪ್ಪಿದೆ.

ಲ್ಯಾಬಿನಲ್ಲಿ ಅವಳು ವಿವರಿಸಿದಳು. "ಪರದೆ ಮೇಲೆ ಚೆಂಡು ಎಸೆಯೋ ಆಟ. ನಿಮ್ಮ ಜೊತೆ ಆಡೋ ಕೆಂಪು, ನೀಲಿ ಇಬ್ಬರಲ್ಲಿ ಒಬ್ರು ಆಂಟಿ, ಇನ್ನೊಂದು ಕಂಪ್ಯೂಟರ್. ಯಾವುದು ಯಾರು ಅಂತ ಹೇಳಲ್ಲ."

"ಹೇಳೋದೇ ಬೇಡಮ್ಮ! ನನ್ನ ಹೆಂಡತಿ ನನಗೆ ಗೊತ್ತಾಗಲ್ವಾ?"

"ಅಚ್ಛಾ! ನೋಡೋಣ," ಎಂದು ನನ್ನಾಕೆ ಸುಧಾ ಪಕ್ಕದ ಕೋಣೆಗೆ ಹೋದಳು.

ಇಬ್ಬರ ತಲೆಗೂ ಮಿದುಳಿನ ಅಲೆಗಳನ್ನು ಗೆರೆಗಳಾಗಿ ತೋರಿಸುವ, ತಂತಿ ಜೋತಾಡುವ ಟೋಪಿ ತೊಡಿಸಿ, ಅದರ ತೂತುಗಳಿಗೆಲ್ಲ ತಣ್ಣನೆಯ ಜೆಲ್ ತುಂಬಿದರು. ಆಟ ಶುರುವಾಯಿತು.

ಕೆಂಪು ಪ್ರತಿ ಸಲವೂ ಚೆಂಡನ್ನು ನನಗೇ ಎಸೆಯಿತು. ಕಾರಣವಿಲ್ಲದೆ ಇಷ್ಟು ಧಾರಾಳವೇ? ಏನೋ ಮಸಲತ್ತಿದೆ! ಕೆಂಪೇ ಯಂತ್ರ ಎಂದು ತೀರ್ಮಾನಿಸಿದೆ. ನೀಲಿಯಾದರೋ ಮನಸ್ಸು ಬಂದಾಗ ನನಗೆ ಕೊಡುತ್ತಿತ್ತು, ಇಲ್ಲದಿದ್ದರೆ ಮುನಿಸಿಕೊಂಡಂತೆ ತಡಮಾಡಿ ಕೆಂಪಿಗೆ ಎಸೆಯುತ್ತಿತ್ತು. ಇವಳೇ ನನ್ನ ಸುಧಾ! ಸಿಕ್ಕ ಚೆಂಡನ್ನೆಲ್ಲ ನೀಲಿಗೇ ಎಸೆದೆ. ಖಚಿತಪಡಿಸಿಕೊಳ್ಳಲು ಪಕ್ಕದ ಕೋಣೆಗೆ ಕೇಳುವಂತೆ ಎರಡು ಸಲ ಕೆಮ್ಮಿದೆ. ಪರದೆಯ ನೀಲಿಗೆ ಹುಬ್ಬನ್ನೂ ಹಾರಿಸಿದೆ.

"ಅಂಕಲ್, ಪ್ಲೀಸ್! ಹುಬ್ಬು ಎತ್ತಬೇಡಿ. ಗೆರೆಗಳೆಲ್ಲ ಕುಣೀತಿವೆ, ಮಿದುಳಿಂದು ಏನೂ ಕಾಣ್ತಿಲ್ಲ!"

ಅದಕ್ಕೆ ಹುಬ್ಬೊಂದೇ ಕಾರಣವಲ್ಲ ಎಂದು ನನಗಾಗ ಹೊಳೆಯಲಿಲ್ಲ.

"ನೀಲಿಯೇ ಸುಧಾ. ಬರ್ಕೊಳ್ಳಮ್ಮ," ಎಂದು ಆಟ ಮುಗಿದೊಡನೆ ಘೋಷಿಸಿದೆ.

ಶಾಲಿನಿ ನೆಲ ನೋಡಿದಳು. "ನೀಲಿ ಕಂಪ್ಯೂಟರ್, ಅಂಕಲ್."

ಬಾಗಿಲಲ್ಲಿ ಸುಧಾ ನಿಂತಿದ್ದಳು. "ಒಂದೇ ಒಂದು ಸಲ ನನಗೆ ಎಸೀತೀರೇನೋ ಅಂತ ಕಾಯ್ತಾ ಇದ್ದೆ ರೀ." ಅವಳ ಧ್ವನಿ ಸಣ್ಣಗಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಸಂಕಟವಾದಾಗ ಬಾಯಿ ಮುಚ್ಚಬೇಕಿತ್ತು. "ಅಯ್ಯೋ, ಅದು ನೀನು ಅಂತ ನನಗೇನು ಗೊತ್ತೇ? ನಾನ್ಯಾರು ಅಂತ ನಿನಗೆ ಗೊತ್ತಾಯ್ತಾ?" ಎಂದು ವಾದಕ್ಕಿಳಿದೆ.

"ಎರಡನೇ ಸಲಕ್ಕೇ ಗೊತ್ತಾಯ್ತು. ಕಂಪ್ಯೂಟರ್ ಆದ್ರೂ ಆಗಾಗ ನನಗೆ ಚೆಂಡು ಕೊಡ್ತಿತ್ತು!"

ಮೆಟ್ರೋ ಬಂದಾಗ ಅವಳು ನನ್ನನ್ನು ಬಿಟ್ಟು ಮಹಿಳೆಯರ ಬೋಗಿ ಹತ್ತಿದಳು. ನಾನು ಒಣಗಿದ ಜೆಲ್‌ನಲ್ಲಿ ಕೂದಲು ನಿಮಿರಿಸಿಕೊಂಡು ಹಿಂದಿನ ಬೋಗಿಯಲ್ಲಿ ನಿಂತೆ. ಪಕ್ಕದವನು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಚೀಲವನ್ನು ಎದೆಗವಚಿಕೊಂಡು ದೂರ ಸರಿದ. ತಪ್ಪು ಅವನದಲ್ಲ!