ಒಂಬತ್ತನೇ ಹಾಸಿಗೆಯ ಓದುಗರು

ಮಂಡ್ಯ ಜಿಲ್ಲೆಯಲ್ಲಿ ಇನ್ನು ಮುಂದೆ ಯಾರೂ ನೆಮ್ಮದಿಯಾಗಿ ಒಂದು ಇಂಜೆಕ್ಷನ್ ಕೂಡ ಚುಚ್ಚಿಸಿಕೊಳ್ಳಬಾರದು, ಅಂಥದ್ದೊಂದು ಕಾದಂಬರಿ ಬರೆದೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ನನ್ನ ಹೆಂಡತಿ ನಾಗರತ್ನ ಹುರುಳಿಕಾಳು ಬಸಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ನಿಮ್ಗೆ ಸೂಜಿ ಕಂಡ್ರೆ ತಲೆ ತಿರುಗುತ್ತೆ. ನಾಯಿ ಕಚ್ಚಿದಾಗ ಇಬ್ರು ಹಿಡ್ಕೊಂಡಿದ್ರು ನಿಮ್ಮನ್ನ," ಎಂದಳು.

"ಅದಕ್ಕೇ ಕಣೇ. ಭಯ ಅಂದ್ರೇನು ಅಂತ ಗೊತ್ತಿರೋನೇ ಭಯದ ಬಗ್ಗೆ ಬರೀಬೇಕು."

ನನ್ನ ಹೆಸರು ಪುಟ್ಟರಾಜು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತಾರು ವರ್ಷ ಭತ್ತದ ತಳಿಗಳ ಕಡತಗಳನ್ನು ನೋಡಿಕೊಂಡವನಿಗೆ ವೈದ್ಯಶಾಸ್ತ್ರ ಎಲ್ಲಿಂದ ಬಂತು ಎಂದು ಕೇಳಬೇಡಿ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಕಾಗದ ಇರುತ್ತದಲ್ಲ, ಅದನ್ನು ಭೂತಗನ್ನಡಿ ಹಿಡಿದು ಓದಿ ಓದಿ ಬಂದ ವಿದ್ಯೆ ಅದು. ಎಂಟು ತಿಂಗಳಲ್ಲಿ ಕಾದಂಬರಿ ಮುಗಿಯಿತು. ಹೆಸರು 'ಒಂಬತ್ತನೇ ಹಾಸಿಗೆ'. ಒಂದು ನರ್ಸಿಂಗ್ ಹೋಮು, ಅಲ್ಲೊಬ್ಬ ಅರಿವಳಿಕೆಯ ಡಾಕ್ಟರು. ಒಂಬತ್ತನೇ ನಂಬರಿನ ಹಾಸಿಗೆಗೆ ಬಂದವರು ಯಾರೂ ಎದ್ದು ಹೋಗುವುದಿಲ್ಲ. ಒಟ್ಟು ಏಳು ಹೆಣ. ಎಂಟನೆಯದಕ್ಕೂ ಮನಸ್ಸಿತ್ತು, ಪುಟ ಸಾಲಲಿಲ್ಲ.

ಪ್ರತಿಯೊಂದು ಪ್ರತಿಯಲ್ಲೂ 'ಓದುಗರ ಅಭಿಪ್ರಾಯ' ಎಂದು ಅಚ್ಚು ಹಾಕಿಸಿದ ಹಾಳೆಯೊಂದನ್ನು ಇಟ್ಟು, ನನ್ನ ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಕೊಟ್ಟು, ಕಂಡಕಂಡವರಿಗೆಲ್ಲ ಹಂಚಿದೆ. ಆಮೇಲೆ ಫೋನನ್ನು ಬಚ್ಚಲಿಗೂ ತೆಗೆದುಕೊಂಡು ಹೋಗತೊಡಗಿದೆ.

ಮೊದಲ ಕರೆ ಬಂದಿದ್ದು ಮಳವಳ್ಳಿಯ ಒಬ್ಬ ನಿವೃತ್ತ ಕಾಂಪೌಂಡರರಿಂದ. "ಸ್ವಾಮಿ, ಮೂವತ್ತೊಂದನೇ ಪುಟದಾಗೆ ಗ್ಲೂಕೋಸ್ ಬಾಟ್ಲಿಯ ಮಂಚದ ಕೆಳ್ಗೆ ಇಟ್ಟಿದೀರಲ್ಲ, ಅದು ಮ್ಯಾಕ್ಕೆಂಗೆ ಅತ್ತದೆ?" ಎಂದರು. ನಾಗರತ್ನ "ಚೆನ್ನಾಗಿದೆ" ಎಂದಳು. ಅದನ್ನು ಉಪ್ಪಿಟ್ಟಿಗೆ ಹೇಳುವ ದನಿಯಲ್ಲೇ ಹೇಳಿದಳು. ಫಾರಂನಲ್ಲಿ ಗದ್ದೆ ಕೆಲಸ ನೋಡಿಕೊಳ್ಳುವ ಕರಿಯಯ್ಯ ಮಾತ್ರ ನನ್ನ ಮಾನ ಉಳಿಸಿದ. ಹದಿನೈದು ದಿನದ ಮೇಲೆ ಬಂದವನ ಬಲಗೆನ್ನೆ ಬನ್ನಿನ ಹಾಗೆ ಊದಿತ್ತು.

"ಅಲ್ಲು ಕೀಳುಸ್ಬೇಕಿತ್ತು ಸಾರ್. ನಿಮ್ ಬುಕ್ಕು ಓದಿ ಓಗ್ನಿಲ್ಲ," ಎಂದ.

ನನಗೆ ಪ್ರಶಸ್ತಿ ಬಂದಷ್ಟು ಸಂತೋಷವಾಯಿತು. ಅವನ ನೋವಿನ ಬಗ್ಗೆ ಒಂದು ಮಾತೂ ಕೇಳದೆ, ಯಾವ ಅಧ್ಯಾಯ ಓದಿದಾಗ ಹೆದರಿಕೆ ಶುರುವಾಯಿತು ಎಂದು ಕೇಳಿದೆ. ನಾಲ್ಕನೆಯದು ಎಂದ. ಅದನ್ನೂ ಬರೆದಿಟ್ಟುಕೊಂಡೆ.

ಆಗಲೇ ನಮ್ಮ ಅಕ್ಕನ ಹಳೆಯ ಹೊಟ್ಟೆನೋವು ಜೋರಾಗಿದ್ದು. ಅಕ್ಕ ಜಯಲಕ್ಷ್ಮಮ್ಮ ನಿಡಘಟ್ಟದಲ್ಲಿ ಅಂಗನವಾಡಿ ಕೆಲಸ ಮಾಡಿ ನಿವೃತ್ತಳಾದವಳು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನು ಸಾಕಿದವಳು ಅವಳೇ. ಭಾವ ಹೋದ ಮೇಲೆ ಒಬ್ಬಳೇ ಇದ್ದಾಳೆ. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಕಲ್ಲು ಕಂಡಿತು. ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ವೀಣ ಎಂಬುವವರು, "ಸಣ್ಣ ಆಪರೇಷನ್ನು, ನಾಲ್ಕು ತೂತು, ಮೂರನೇ ದಿನ ಮನೆಗೆ," ಎಂದು ಗುರುವಾರ ಬೆಳಿಗ್ಗೆಗೆ ಗೊತ್ತು ಮಾಡಿದರು. ಬುಧವಾರ ಮಧ್ಯಾಹ್ನವೇ ಸೇರಿಸಬೇಕು.

ಸೇರಿಸಿದೆ. ಅಕ್ಕನ ಬಟ್ಟೆಯ ಚೀಲದ ಜೊತೆಗೆ ಇನ್ನೊಂದು ಚೀಲವೂ ಇತ್ತು. ಅದರಲ್ಲಿ 'ಒಂಬತ್ತನೇ ಹಾಸಿಗೆ'ಯ ಇಪ್ಪತ್ತು ಪ್ರತಿಗಳಿದ್ದವು. ಆಸ್ಪತ್ರೆಯ ಕಾದಂಬರಿಗೆ ಆಸ್ಪತ್ರೆಯಲ್ಲೇ ಓದುಗರು ಸಿಗದಿದ್ದರೆ ಇನ್ನೆಲ್ಲಿ ಸಿಕ್ಕಾರು? ಪಾಪ, ಮಲಗಿ ಮಲಗಿ ಬೇಸತ್ತ ಜನ. ಹೆಂಗಸರ ವಾರ್ಡಿನಲ್ಲಿ ಆರು ಪ್ರತಿ ಕೊಟ್ಟೆ. ಅಕ್ಕನ ಕೈಗೂ ಒಂದು ಕೊಟ್ಟು, "ಓದ್ತಿರಕ್ಕ, ಹೊತ್ತು ಹೋಗುತ್ತೆ. ಗಂಡಸರ ವಾರ್ಡಿಗೆ ಹೋಗಿ ಬಂದೆ," ಎಂದು ಮೇಲಿನ ಮಹಡಿಗೆ ಹೊರಟೆ.

ಗಂಡಸರ ವಾರ್ಡಿನಲ್ಲಿ ಒಳ್ಳೆಯ ಸ್ವಾಗತ ಸಿಕ್ಕಿತು. ಕಾಲು ಮುರಿದ ಮೇಷ್ಟರೊಬ್ಬರು ಎರಡು ಪುಟ ಗಟ್ಟಿಯಾಗಿ ಓದಿಸಿಕೊಂಡರು. ನಾನು ಮೂರನೆಯ ಕೊಲೆಯವರೆಗೆ ಅಭಿನಯ ಸಮೇತ ಓದಿದೆ. ಅಡ್ಡಿಯಾಗಬಾರದೆಂದು ಫೋನಿನ ಸದ್ದನ್ನೂ ಅಡಗಿಸಿದ್ದೆ. ಕೆಳಗೆ ಬಂದಾಗ ಐದು ಗಂಟೆ.

ಹೆಂಗಸರ ವಾರ್ಡು ಸಂತೆಯಾಗಿತ್ತು. ಒಂಬತ್ತನೇ ಹಾಸಿಗೆ ಖಾಲಿ. ಅದರ ರೋಗಿ, ಮಳವಳ್ಳಿ ಕಡೆಯ ಸಣ್ಣತಾಯಮ್ಮ ಎಂಬ ಅಜ್ಜಿ, ದಿಂಬು ತಬ್ಬಿಕೊಂಡು ನೆಲದ ಮೇಲೆ ಕುಳಿತಿದ್ದಳು. ಓದಲು ಬಾರದ ಅವಳಿಗೆ ಪಕ್ಕದ ಹಾಸಿಗೆಯವರು ಓದಿ ಹೇಳಿದ್ದರಂತೆ. ನರ್ಸು ಮಂಚದ ಮೇಲಿದ್ದ ಒಂಬತ್ತನ್ನು ಅಳಿಸಿ 'ಎಂಟು ಎ' ಎಂದು ಬರೆದು, "ಈಗ ಮಲಕ್ಕೊಳಮ್ಮ ತಾಯಿ," ಎಂದು ಬೇಡಿಕೊಳ್ಳುತ್ತಿದ್ದಳು.

"ನಂಬ್ರ ಅಳ್ಸುದ್ರೆ ಯಮನ್ಗೆ ಗೊತ್ತಾಗಕಿಲ್ವಾ?" ಎಂದು ಅಜ್ಜಿ ಕೇಳಿದಳು. "ಮುತ್ತತ್ತಿರಾಯ, ನನ್ನ ಮನೆ ಮುಟ್ಸಪ್ಪ. ನಾನೀ ಮಂಚ ಅತ್ತಕಿಲ್ಲ."

ನರ್ಸು ನನ್ನನ್ನು ನೋಡಿದಳು. "ನೀವೇನಾ ಬರೆದವ್ರು? ಮೇಡಂ ಕರೀತಿದಾರೆ."

ಡಾಕ್ಟರ್ ವೀಣ ಅವರ ಮೇಜಿನ ಮೇಲೆ ನನ್ನ ಪುಸ್ತಕವಿತ್ತು. ಓದುಗರ ಅಭಿಪ್ರಾಯಕ್ಕೆ ಎಂದೂ ಹೆದರದ ನಾನು ಕುಳಿತುಕೊಳ್ಳದೆ ನಿಂತೇ ಇದ್ದೆ.

"ಪುಟ ನಲವತ್ತೆರಡರಲ್ಲಿ ಪಿತ್ತಕೋಶ ಎಡಗಡೆ ಇದೆ," ಎಂದರು ಅವರು. "ಅದು ಇರೋದು ಬಲಗಡೆ."

"ಕಾದಂಬರಿ ಅಲ್ವಾ ಮೇಡಂ."

"ಕಾದಂಬರೀಲೂ ಬಲಗಡೇನೇ ಇರುತ್ತೆ. ಅರಿವಳಿಕೆ ಬಗ್ಗೆ ಬರೆಯೋಕೆ ಸ್ವಲ್ಪ ಅರಿವೂ ಬೇಕು ಪುಟ್ಟರಾಜು ಅವ್ರೇ. ಇರಲಿ. ಇಬ್ಬರು ನಾಳೆ ಆಪರೇಷನ್ ಬೇಡ ಅಂದಿದಾರೆ. ಅವರನ್ನ ನಾನು ಒಪ್ಪಿಸ್ತೀನಿ. ನಿಮ್ಮಕ್ಕನ್ನ ಯಾರು ಒಪ್ಪಿಸ್ತಾರೆ?"

"ಅಕ್ಕ ಏನಂದ್ಳು?"

"ಏನೂ ಅನ್ನಲಿಲ್ಲ. ನಾಲ್ಕು ಗಂಟೆಗೆ ಚೀಲ ತಗೊಂಡು ಎದ್ದು ಹೋಗಿದಾರೆ. ನಿಮಗೆ ಏಳು ಸಲ ಫೋನ್ ಮಾಡಿದೀವಿ."

ಬೈಕು ಹತ್ತಿ ಮದ್ದೂರು ದಾಟಿ ನಿಡಘಟ್ಟ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಕ್ಕ ಬಸ್ಸಿನಲ್ಲಿ ಬಂದು, ಮುಖ ತೊಳೆದು, ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಒಂದು ಕೈ ಪಕ್ಕೆಯ ಮೇಲಿತ್ತು. ನಾನು ಅವಳ ಕಾಲ ಬಳಿ ಕುಳಿತು ಹೇಳಿದೆ: ಅದೆಲ್ಲ ಸುಳ್ಳು, ಅಂಥ ಡಾಕ್ಟರು ಭೂಮಿಯ ಮೇಲೇ ಇಲ್ಲ, ನನಗೆ ಪಿತ್ತಕೋಶ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಯಾವ ಲೇಖಕನೂ ತನ್ನ ಕೃತಿಯ ಮೇಲೆ ಇಷ್ಟು ಕಠೋರವಾದ ವಿಮರ್ಶೆಯನ್ನು ಬಹುಶಃ ಎಂದೂ ಮಾಡಿರಲಿಕ್ಕಿಲ್ಲ.

"ನಂಗೀಗ ನೋವಿಲ್ಲ ಬುಡ್ಲಾ," ಎಂದಳು. ಅಷ್ಟೇ.

ಮರುದಿನ ಮತ್ತೆ ಹೋದೆ. ಡಾಕ್ಟರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅಕ್ಕ ಎದ್ದು ಒಳಗೆ ಹೋದಳು. ಶುಕ್ರವಾರ ಹೋದೆ. ಅವಳು ಮಲಗಿದ್ದಳು, ಅನ್ನ ಮುಟ್ಟಿರಲಿಲ್ಲ. "ಸುಳ್ಳು ಕಣಕ್ಕ, ಪೂರಾ ಸುಳ್ಳು," ಎಂದು ಹೇಳಿದ್ದನ್ನೇ ಹೇಳಿದೆ. ಅವಳು ಗೋಡೆ ಕಡೆ ತಿರುಗಿದಳು. ಒಬ್ಬಳನ್ನು ಹೆದರಿಸುವುದು ಇಷ್ಟು ಸುಲಭ, ಆ ಹೆದರಿಕೆ ಬಿಡಿಸುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಶನಿವಾರ ನಾಗರತ್ನ ನನ್ನನ್ನು ಕೇಳದೆ ಹೊರಟಳು. ಅವಳು ಹೋದಾಗ ಅಕ್ಕನಿಗೆ ಮೈ ಸುಡುತ್ತಿತ್ತು, ಕಣ್ಣು ಅರಿಶಿನವಾಗಿತ್ತು. ಬೇಡ ಎನ್ನುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಮಂಡ್ಯಕ್ಕೆ ತಂದಳು.

ಡಾಕ್ಟರ್ ವೀಣ ಹೊಟ್ಟೆ ಮುಟ್ಟಿ ನೋಡಿ, "ಕೀವಾಗಿದೆ. ಇನ್ನು ನಾಲ್ಕು ತೂತಿನಲ್ಲಿ ಆಗಲ್ಲ, ಕೊಯ್ದು ತೆಗೀಬೇಕು," ಎಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಕಾಗದ ಮುಂದಿಟ್ಟರು, ಸಹಿ ಹಾಕಿದೆ. ಅದರಲ್ಲಿ ಅಚ್ಚಾಗಿದ್ದಂಥದೇ ಅಪಾಯಗಳ ಪಟ್ಟಿಯನ್ನು ಮಾತ್ರೆಯ ಕಾಗದಗಳಿಂದ ಎತ್ತಿ ನಾನು ಕಾದಂಬರಿಗೆ ಬಳಸಿದ್ದೆ. ಎಲ್ಲವೂ ಪರಿಚಯದ ಮಾತುಗಳು. ಈಗ ಒಂದನ್ನೂ ಓದಲಾಗಲಿಲ್ಲ.

ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕುಳಿತೆವು. ಒಂದು ಗಂಟೆ ಕಳೆಯಿತು. ಯಾರೋ ಬಿಟ್ಟುಹೋದ 'ಒಂಬತ್ತನೇ ಹಾಸಿಗೆ' ಬೆಂಚಿನ ತುದಿಯಲ್ಲಿತ್ತು. ನಾಗರತ್ನ ತೆಗೆದುಕೊಂಡು ಓದತೊಡಗಿದಳು.

"ಮತ್ತೆ ಓದ್ತಿದೀಯಾ?" ಎಂದೆ.

"ಇವತ್ತೇ ಓದ್ತಿರೋದು," ಎಂದಳು. ಇನ್ನೊಂದು ಸಮಯವಾಗಿದ್ದರೆ ಜಗಳ ಆಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದಳು. "ರೀ, ಮೊದಲು ಸಾಯೋ ಈ ಸರಸಮ್ಮ ಇದಾಳಲ್ಲ. ಎಡಗೈ ಮೇಲೆ ಗಂಜಿ ಚೆಲ್ಲಿ ಸುಟ್ಟ ಕಲೆ. ಬೀಗದ ಕೈ ಸೊಂಟಕ್ಕೆ. ಮಾತಾಡೋಕೆ ಮುಂಚೆ ಸೆರಗಲ್ಲಿ ಮೂಗು ಒರೆಸ್ಕೊಳ್ಳೋದು. ಹೊಟ್ಟೆನೋವು ಬೇರೆ. ಇದು ನಿಮ್ಮಕ್ಕ ಅಲ್ವೇನ್ರೀ?"

ನಾನು ಪುಸ್ತಕ ತೆಗೆದುಕೊಂಡು ಓದಿದೆ. ನಾನೇ ಬರೆದದ್ದು. ಗಂಜಿ ಚೆಲ್ಲಿದ್ದು ನಾನು ಶಾಲೆಗೆ ಹೊರಡುವ ಹೊತ್ತಿಗೆ, ನನಗೆ ಊಟಕ್ಕೆಂದು ಅನ್ನ ಬಸಿಯುವಾಗ. ಪಾತ್ರಕ್ಕೆ ಜೀವ ಬರಲಿ ಎಂದು ಒಂದೊಂದೇ ವಿವರ ಹಾಕುತ್ತಾ ಹೋಗಿದ್ದೆ. ಎಲ್ಲಿಂದ ತರುತ್ತಿದ್ದೇನೆ ಎಂದು ಯೋಚಿಸಿರಲಿಲ್ಲ. ಆರನೇ ಪುಟದಲ್ಲಿ ಜೀವ ತುಂಬಿ, ಹದಿನೆಂಟನೆಯದರಲ್ಲಿ ತೆಗೆದಿದ್ದೆ.

"ಅವರು ಹೆದರ್ಕೊಂಡು ಹೋಗಿಲ್ಲ," ಎಂದಳು ನಾಗರತ್ನ. "ಬೇಜಾರು ಮಾಡ್ಕೊಂಡು ಹೋಗಿದಾರೆ."

ಒಳಗೆ ಏನಾಗುತ್ತಿದೆ ಎಂಬುದನ್ನು ಯೋಚಿಸದಿರಲು ಎಷ್ಟೋ ಪ್ರಯತ್ನಪಟ್ಟೆ. ಆದರೆ ಏಳು ಬಗೆಯ ಸಾವನ್ನು ಕುಳಿತು ಕಲ್ಪಿಸಿದ್ದ ತಲೆ ಅದು. ಪ್ರತಿ ಸಲ ಬಾಗಿಲು ಅಲ್ಲಾಡಿದಾಗಲೂ ಒಂದೊಂದನ್ನು ತಂದು ಮುಂದಿಡುತ್ತಿತ್ತು. ಕಾದಂಬರಿಯಲ್ಲಿ ಇಂಥ ಬೆಂಚಿನ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ.

ಮೂರು ಗಂಟೆಯ ಮೇಲೆ ಡಾಕ್ಟರ್ ವೀಣ ಹೊರಗೆ ಬಂದು, "ತೆಗೆದಿದ್ದೀವಿ. ಬಲಗಡೇನೇ ಇತ್ತು," ಎಂದರು. ನಾಗರತ್ನ ಅತ್ತಳು. ನಾನು ನಗಲು ಹೋದೆ, ಆಗಲಿಲ್ಲ.

ಅಕ್ಕ ಎರಡು ದಿನ ಐಸಿಯುನಲ್ಲಿದ್ದಳು. ಮೂರು ದಿನದಲ್ಲಿ ಮುಗಿಯಬೇಕಾಗಿದ್ದಕ್ಕೆ ಹದಿನಾಲ್ಕು ದಿನ ಬೇಕಾಯಿತು. ಸಣ್ಣತಾಯಮ್ಮನ ಆಪರೇಷನ್ನೂ ಅಷ್ಟರಲ್ಲಿ ಆಗಿ, ಅವಳು 'ಎಂಟು ಎ'ಯಿಂದ ನಡೆದುಕೊಂಡೇ ಮನೆಗೆ ಹೋದಳು. ನಾನು ಉಳಿದ ಪ್ರತಿಗಳನ್ನು ವಾಪಸು ಬೇಡಿ ತಂದೆ. ಕರಿಯಯ್ಯನನ್ನು ನಾನೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕೀಳುವವರೆಗೂ ಅವನ ಕೈ ಹಿಡಿದು ನಿಂತಿದ್ದೆ. ತಲೆ ತಿರುಗಿ ಬಿದ್ದವನು ಅವನಲ್ಲ.

ಐಸಿಯುನಿಂದ ವಾರ್ಡಿಗೆ ಬಂದ ದಿನ ಅಕ್ಕ ಮೊದಲ ಸಲ ಗಂಜಿ ಕುಡಿದಳು. ನಾನೇ ಚಮಚದಲ್ಲಿ ಕುಡಿಸಿದೆ. ನಾಲ್ಕು ಚಮಚ ಆದ ಮೇಲೆ ಧೈರ್ಯ ಮಾಡಿದೆ.

"ಅಕ್ಕ, ತಪ್ಪಾಯ್ತು. ಸರಸಮ್ಮನ್ನ ನಿನ್ ಥರ ಬರೀಬಾರದಿತ್ತು. ಸಾಯಿಸಬಾರದಿತ್ತು."

"ಸಾಯ್ಸಿದ್ದು ಬುಡು," ಎಂದಳು. ದನಿ ಸಣ್ಣಗಿತ್ತು. "ಕತೆ ಅಂದ್ಮೇಲೆ ಯಾರಾರ ಸಾಯ್ಬೇಕು. ಕೈಯ ಕಲೆ ಗ್ಯಾಪ್ಕ ಮಡೀಕಂಡಿದೀಯಲ್ಲ ಅಂತ ಒಸಿ ಕುಸೀನೂ ಆಯ್ತು."

"ಮತ್ತೆ ಯಾಕಕ್ಕ ಎದ್ದು ಹೋದೆ?"

ಅವಳು ಸೆರಗಲ್ಲಿ ಮೂಗು ಒರೆಸಿಕೊಂಡಳು.

"ಅದ್ರಾಗೆ ಆ ಡಾಕ್ಟ್ರು ಸರಸಮ್ಮನ್ನೇ ಯಾಕೆ ಆರುಸ್ಕೊಂಡ ಅಂತ ಬರ್ದಿದೀಯಲ್ಲ. ಅವ್ಳಿಗೆ ಒಬ್ಬ ತಮ್ಮ ಅವ್ನೆ, ಆಸ್ಪತ್ರೆಗೆ ತಂದು ಆಕ್ತಾನೆ, ಆಮೇಲೆ ತಿರುಗಿ ನೋಡಕಿಲ್ಲ. ಕೇಳೋರಿಲ್ಲ, ಅದ್ಕೇ ಆರುಸ್ಕೊಂಡ ಅಂತ. ಅದ ಓದ್ತಾ ಇದ್ದೆ. ಆಗ ನರ್ಸಮ್ಮ ಕಾಗ್ದ ಇಡ್ಕಂಡು ಬಂತು. ಸೈನು ಆಕ್ಬೇಕು, ನಿಮ್ ಕಡೆಯೋರು ಯಾರವ್ರೆ ಅಂತು. ನನ್ ತಮ್ಮ ಅವ್ನೆ ಅಂದೆ. ಮೂರು ಸಲ ಬಂದು ಕೇಳ್ತು. ಮೂರು ಸಲಾನೂ ಅಂಗೇ ಅಂದೆ. ಕಡೀಗೆ ಅದು ನನ್ ಮೊಖ ನೋಡ್ತು ಕಣ್ಲಾ, ಪಾಪ ಅನ್ನಂಗೆ."

ಆ ಹೊತ್ತಿಗೆ ನಾನು ಮೇಲಿನ ಮಹಡಿಯಲ್ಲಿ ಮೂರನೆಯ ಕೊಲೆಯನ್ನು ಅಭಿನಯಿಸುತ್ತಿದ್ದೆ.

"ಅದು ಕತೆ ಕಣಕ್ಕ," ಎಂದೆ. "ಆ ತಮ್ಮ ನಾನಲ್ಲ. ಸುಮ್ಮನೆ ಕಟ್ಟಿ ಬರೆದದ್ದು."

ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಯಾರ ಬಾಯಿಂದಲೂ ಬರದ ಹೊಗಳಿಕೆ ಅವಳ ಬಾಯಿಂದ ಬಂತು.

"ಅದೊಂದು ಪುಟ ಸಂದಾಕೆ ಬರ್ದಿದೀಯ ಕಣ್ಲಾ," ಎಂದಳು. "ಕಂಡು ಬರ್ದಂಗೇ ಅದೆ."