ಅಂಬಾಸಿಡರಿನಲ್ಲಿ ಗೂಡು

ಚಿಕ್ಕಬಳ್ಳಾಪುರ ಜಿಲ್ಲೆಗೆ ಮೊಟ್ಟಮೊದಲ ವಿಂಟೇಜ್ ನಂಬರ್ ಪ್ಲೇಟು ಬರುವುದಿದ್ದರೆ ಅದು ಈ ಆವಲಪ್ಪನ ಕಾರಿಗೇ ಬರಬೇಕು ಎಂದು ನಾನು ಘೋಷಿಸಿದಾಗ ಸಾಕ್ಷಿಗೆ ಇಬ್ಬರಿದ್ದರು: ನನ್ನ ಹೆಂಡತಿ ಅಶ್ವತ್ಥಮ್ಮ ಮತ್ತು ಮಂಚೇನಹಳ್ಳಿಯಿಂದ ಬಂದಿದ್ದ ಅವಳ ತಮ್ಮ ಕೊಂಡಪ್ಪ. ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು. ಘೋಷಣೆ ಮುಗಿದ ಮೇಲೂ ಸುಲಿಯುತ್ತಲೇ ಇದ್ದರು. ಚರಿತ್ರೆ ಸೃಷ್ಟಿಯಾಗುವಾಗ ಜನಕ್ಕೆ ಗೊತ್ತಾಗುವುದಿಲ್ಲ!

ವಿಷಯ ಇಷ್ಟೆ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಿ, ನಂಬರಿನ ನಡುವೆ 'ವಿಎ' ಎಂಬ ಎರಡು ಘನವಾದ ಅಕ್ಷರ ಕೊಡುತ್ತಾರೆಂದು ಪೇಪರಿನಲ್ಲಿ ಓದಿದ್ದೆ. ನಮ್ಮಪ್ಪ ೧೯೬೯ರಲ್ಲಿ ಕೊಂಡ ಅಂಬಾಸಿಡರ್ ನಮ್ಮ ಹಿತ್ತಲಲ್ಲಿ ನಿಂತಿತ್ತು. ಅದರ ನಂಬರು 'ಎಂವೈ' ಎಂದು ಶುರುವಾಗುತ್ತದೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿದ್ದ ಕಾಲದ ಮಾತು. ಆಗ ಅದರ ಹಾರನ್ನು ಶಿಡ್ಲಘಟ್ಟದಲ್ಲಿ ಒತ್ತಿದರೆ ಚಿಂತಾಮಣಿಯಲ್ಲಿ ಎಮ್ಮೆಗಳು ದಾರಿ ಬಿಡುತ್ತಿದ್ದವು.

"ಬರೋ ವರ್ಷದ ಯುಗಾದಿಗೆ ಹೊಸ ಪ್ಲೇಟು ಹಾಕ್ಕೊಂಡು, ನಿಮ್ಮಕ್ಕನ್ನ ಅದೇ ಕಾರಲ್ಲಿ ಕೂರಿಸ್ಕೊಂಡು, ಮಂಚೇನಹಳ್ಳಿಗೆ ಬರ್ತೀನಿ ಕಣೋ. ಊರು ಊರೇ ನಿಂತು ನೋಡ್ಬೇಕು!" ಎಂದೆ.

"ರಾ ಬಾವಾ, ತಪ್ಪದೇ ಬಾ," ಎಂದ ಕೊಂಡಪ್ಪ. "ಇಳಿಜಾರಲ್ಲಿ ಅದೇ ಉರುಳ್ಕೊಂಡು ಬರ್ತದೆ. ಏರು ಬಂದ್ರೆ ಫೋನ್ ಮಾಡು, ಎತ್ತು ಕಳಿಸ್ತೀನಿ."

"ಯುಗಾದಿಗಾದ್ರೂ ತವರಿಗೆ ಹೋದ್ರೆ ಸಾಕು. ಹೋದ ಸಲ ಬಸ್‌ಸ್ಟ್ಯಾಂಡಲ್ಲಿ ಪೇಪರ್ ಓದ್ತಾ ಕೂತು ಬಸ್ಸೇ ತಪ್ಪಿಸಿದ್ರು," ಎಂದಳು ಅಶ್ವತ್ಥಮ್ಮ.

ಅವತ್ತೇ ಶಪಥ ಗಟ್ಟಿಯಾಯಿತು.

ಅರ್ಜಿಯನ್ನು ಸೊಸೆ ಶಿರೀಷಾ ಮೊಬೈಲಿನಲ್ಲೇ ತುಂಬಿಕೊಟ್ಟಳು. ಕೆಲಸವಿದ್ದದ್ದು ಆ 'ಮೂಲ ರೂಪ'ದಲ್ಲಿ. ಹಿಪ್ಪುನೇರಳೆ ಸೊಪ್ಪು ಹೇರಲೆಂದು ಮೂವತ್ತು ವರ್ಷದ ಹಿಂದೆಯೇ ಹಿಂದಿನ ಸೀಟು ಕಿತ್ತಿಟ್ಟಿದ್ದೆವು. ಹುಡುಕಿದಾಗ ಅದು ಕೋಳಿಗೂಡಿನಲ್ಲಿ ಸಿಕ್ಕಿತು. ಅದರ ಮೇಲೆ ಕೋಳಿಗಳ ನಲವತ್ತು ತಲೆಮಾರು ಹುಟ್ಟಿ ಬೆಳೆದಿತ್ತು. ನಾನು ಸೀಟು ಎಳೆಯುವಾಗ ಹುಂಜ ನನ್ನನ್ನು ನೋಡಿದ ನೋಟ, ಪಹಣಿ ತೋರಿಸು ಅನ್ನುವ ಹಾಗಿತ್ತು. ಗೌರಿಬಿದನೂರಿನ ಮೆಕ್ಯಾನಿಕ್ ವೇಣು ಆರು ತಿಂಗಳು ಬಂದು ಹೋಗಿ, ಇಂಜಿನ್ನಿನೊಳಗಿಂದ ಒಂದು ಹಲ್ಲಿ ಸಂಸಾರ, ಎರಡು ಕಣಜದ ಗೂಡು, ನಮ್ಮಪ್ಪ ಕಳೆದುಕೊಂಡಿದ್ದ ಕನ್ನಡಕ ತೆಗೆದು, ಕೊನೆಗೆ ಗಾಡಿ ಶುರುವಾಗುವ ಹಾಗೆ ಮಾಡಿದ. ಶುರುವಾದ ದಿನ ಎದ್ದ ಹೊಗೆಗೆ ನಂದಿಬೆಟ್ಟದಲ್ಲಿದ್ದ ಪ್ರವಾಸಿಗಳು ಮಂಜು ಬಿತ್ತೆಂದು ಫೋಟೊ ತೆಗೆದುಕೊಂಡರಂತೆ.

ಕೊನೆಗೆ ಸಾರಿಗೆ ಕಚೇರಿಯಿಂದ ಫೋನ್ ಬಂತು. ಗುರುವಾರ ಇನ್ಸ್‌ಪೆಕ್ಟರ್ ಬಂದು ಗಾಡಿ ನೋಡಿ, ಚಾಸಿ ನಂಬರು ಪರೀಕ್ಷಿಸಿ, ಫೋಟೊ ತೆಗೆದು ವರದಿ ಕಳಿಸುತ್ತಾರೆ. ವರದಿ ಹೋಗದಿದ್ದರೆ ಪ್ಲೇಟಿಲ್ಲ.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಹಿತ್ತಲಿನ ಹುಣಸೆಮರದ ಕೆಳಗೆ ನಿಲ್ಲಿಸಿದರೆ ಹಕ್ಕಿಗಳು ಐದೇ ನಿಮಿಷದಲ್ಲಿ ಕಾರಿಗೆ ಸುಣ್ಣ ಬಳಿಯುತ್ತವೆ. ಸೂರಿರುವ ಅಗಲವಾದ ಜಾಗ ಒಂದೇ, ಹುಳು ಮನೆಯ ಜಗಲಿ. ಒಳಗೆ ಅಶ್ವತ್ಥಮ್ಮನ ರೇಷ್ಮೆ ಹುಳುಗಳು ಮೇಯುತ್ತಿದ್ದವು. ಜಗಲಿಯ ತುಂಬ ನಲವತ್ತು ಚಂದ್ರಿಕೆ ಪೇರಿಸಿಟ್ಟಿದ್ದೆವು. ಚಂದ್ರಿಕೆ ಅಂದರೆ ಸುರುಳಿ ಸುರುಳಿಯಾಗಿ ಬಿದಿರು ಪಟ್ಟಿ ಕಟ್ಟಿದ ತಟ್ಟಿ. ಹುಳು ಮೇವು ಬಿಟ್ಟು ಹಣ್ಣಾದ ದಿನ ಅದನ್ನು ಇದರ ಮೇಲೆ ಬಿಡಬೇಕು. ಅದು ಅಲ್ಲೇ ಕೂತು ಗೂಡು ಕಟ್ಟುತ್ತದೆ. ಬಿಡದಿದ್ದರೆ ದಾರವೆಲ್ಲ ನೆಲದ ಪಾಲು, ತಿಂಗಳ ದುಡಿಮೆ ಹಾಳು.

ಮಂಗಳವಾರ ಅಶ್ವತ್ಥಮ್ಮ ಶಿಡ್ಲಘಟ್ಟಕ್ಕೆ ಹೋಗಿದ್ದಾಗ ಕೊಂಡಪ್ಪ ಫೋನ್ ಮಾಡಿದ.

"ಬಾವಾ, ನಮ್ಮ ಹುಳ ಒಂದೇ ಸಲಕ್ಕೆ ಹಣ್ಣಾಗ್ಬಿಟ್ಟೈತೆ. ಚಂದ್ರಿಕೆ ಸಾಲ್ತಿಲ್ಲ. ನಿಮ್ದು ಎಷ್ಟು ದಿನ ಐತೆ?"

ನಮ್ಮ ಕಡೆ ಒಂದು ಪದ್ಧತಿಯಿದೆ. ಮದುವೆಗೆ ಕರೆಯದಿದ್ದರೂ ಪರವಾಗಿಲ್ಲ, ಹಣ್ಣಾದ ಹುಳು ಇಟ್ಟುಕೊಂಡು ಚಂದ್ರಿಕೆ ಕೇಳಿದವನಿಗೆ ಇಲ್ಲ ಅನ್ನಬಾರದು. ನಮ್ಮ ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ನಾಲ್ಕೇ ದಿನವಾಗಿತ್ತು. ಇನ್ನೂ ಮೂರು ದಿನವಿದೆ ಎಂದು ಗೋಡೆಯ ಕ್ಯಾಲೆಂಡರ್ ಸಾರುತ್ತಿತ್ತು. ಕೊಂಡಪ್ಪನಿಗೆ ಉಪಕಾರ, ಕಾರಿಗೆ ಜಗಲಿ!

"ಟೆಂಪೊ ತಗೊಂಡು ಬಾರೋ, ನಲವತ್ತೂ ತಗೊಂಡು ಹೋಗು," ಎಂದೆ. ದಾನಶೂರ ಕರ್ಣ ಕೂಡ ಕವಚ ಕೊಡುವ ಮುಂಚೆ ಒಂದು ಗಳಿಗೆ ಯೋಚಿಸಿದ್ದನೇನೋ. ನಾನು ಯೋಚಿಸಲಿಲ್ಲ.

ಕೊಂಡಪ್ಪ ಹೇರಿಕೊಂಡು ಹೋದ. ನಾನು ಹಲಗೆ ಹಾಸಿ ಗಾಡಿಯನ್ನು ಜಗಲಿಗೆ ತಳ್ಳಿಸಿ, ಕಿಟಕಿಗಳನ್ನು ಇಳಿಸಿ, ತೆಂಗಿನೆಣ್ಣೆ ಹಚ್ಚಿ ಸೀಟು ಒರೆಸಿದೆ. ಸಂಜೆ ಬಂದ ಅಶ್ವತ್ಥಮ್ಮನಿಗೆ ಚಂದ್ರಿಕೆಗಳನ್ನು ಬೇರೆ ಕಡೆ ಇಟ್ಟಿದ್ದೇನೆ ಎಂದೆ. ಸುಳ್ಳೇನಲ್ಲ. ಮಂಚೇನಹಳ್ಳಿ ಬೇರೆ ಕಡೆಯೇ ತಾನೇ?

ಬುಧವಾರ ಬೆಳಗ್ಗೆ ಆರು ಗಂಟೆ.

"ರೀ! ಹುಳ ಹಣ್ಣಾಗೈತೆ! ಚಂದ್ರಿಕೆ ತನ್ನಿ!"

"ಇನ್ನೂ ಎರಡು ದಿನ ಐತಲ್ಲೇ?"

"ನೀವು ಕ್ಯಾಲೆಂಡರ್ ನೋಡಿದ್ದೀರಿ, ಹುಳ ನೋಡಿಲ್ಲ. ಈ ಸೆಕೆಗೆ ಮನುಷ್ಯರೇ ಹಣ್ಣಾಗ್ತಾವ್ರೆ. ಚಂದ್ರಿಕೆ ಎಲ್ಲಿ?"

"ಮಂಚೇನಹಳ್ಳೀಲಿ."

"ಎಷ್ಟು?"

"ಎಲ್ಲಾ."

ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡು ಊರೊಳಗೆ ನಡೆದಳು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಮನೆ ತಿರುಗಿ ಇಪ್ಪತ್ತು ಚಂದ್ರಿಕೆ ಹೊರಿಸಿಕೊಂಡು ಬಂದಳು. ಅರ್ಧ ಹುಳುವಿಗೆ ಆಯಿತು. ಇನ್ನರ್ಧ ತಲೆಯೆತ್ತಿಕೊಂಡು ಜಾಗ ಹುಡುಕುತ್ತಿತ್ತು. ಆಗ ಅವಳು ತಿರುಗಿ ಕಾರನ್ನು ನೋಡಿದಳು. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಅವಳು ಆ ಗಾಡಿಯನ್ನು ಅಷ್ಟು ಅಕ್ಕರೆಯಿಂದ ನೋಡಿದ್ದು ಅದೇ ಮೊದಲು.

"ಬೇಡ ಕಣೇ," ಎಂದೆ.

"ನೆರಳೈತೆ. ಗಾಳಿ ಆಡ್ತದೆ. ಮೂಲೆ ಮುಡುಕು ಬೇಕಾದಷ್ಟೈತೆ."

"ನಾಳೆ ಇನ್ಸ್‌ಪೆಕ್ಟರ್ ಬರ್ತಾರೆ ಕಣೇ!"

"ಅವರು ನಾಳೆ ಬರ್ತಾರೆ, ಹುಳ ಇವತ್ತು ಬಂದೈತೆ. ತೊಗರಿ ಕಡ್ಡಿ ತನ್ನಿ."

ತಂದೆ. ಒಣಗಿದ ತೊಗರಿ ಕಡ್ಡಿಯನ್ನು ಹಿಂದಿನ ಸೀಟು, ಮುಂದಿನ ಸೀಟು, ಡಿಕ್ಕಿ, ಎಲ್ಲ ಕಡೆ ಹರಡಿ, ಮೊರ ಮೊರ ಹುಳು ತಂದು ಸುರಿದೆವು. ನಾನೇ ಸುರಿದೆ! ಕಡ್ಡಿಯಲ್ಲಷ್ಟೇ ಕಟ್ಟುತ್ತವೆ ಎಂದುಕೊಂಡಿದ್ದು ನನ್ನ ಭ್ರಮೆ. ಸಂಜೆಯ ಹೊತ್ತಿಗೆ ಸ್ಟೀರಿಂಗಿನ ಸುತ್ತ ಹುಳು, ಕನ್ನಡಿಯ ಹಿಂದೆ ಹುಳು, ಗೇರಿನ ಬುಡದಲ್ಲಿ ಹುಳು. ಒಂದು ಗುಂಪು ಅದೆಲ್ಲಿಂದಲೋ ನುಸುಳಿ ಬಾನೆಟ್ಟಿನೊಳಗೆ ಇಂಜಿನ್ನಿನ ಮೇಲೆ ಹೊಸ ಬಡಾವಣೆಯನ್ನೇ ಎಬ್ಬಿಸಿತು. ಮೀಟರಿನ ಮುಳ್ಳಿಗೆ ಒಂದು ಹುಳು ದಾರ ಸುತ್ತಿ ಸೊನ್ನೆಯಲ್ಲೇ ಕಟ್ಟಿಹಾಕಿತ್ತು.

ಗುರುವಾರ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಹರಿಕೃಷ್ಣ ಬಂದರು. ಇಸ್ತ್ರಿ ಮಾಡಿದ ಖಾಕಿ, ಮಿರಮಿರ ಮಿಂಚುವ ಬೂಟು, ಕೈಯಲ್ಲಿ ಫೈಲು. ಜಗಲಿಯ ಮೆಟ್ಟಿಲ ಬಳಿ ಅಶ್ವತ್ಥಮ್ಮ ಬ್ಲೀಚಿಂಗ್ ಪೌಡರ್ ನೀರಿನ ಬೋಗುಣಿ ಇಟ್ಟುಕೊಂಡು ನಿಂತಿದ್ದಳು. ಕೋಟೆ ಬಾಗಿಲಲ್ಲಿ ಸೇನಾಪತಿ ನಿಂತ ಹಾಗೆ.

"ಬೂಟು ಬಿಚ್ಚಿ ಕಾಲು ತೊಳೀರಿ ಸಾರ್."

"ಯಾಕಮ್ಮಾ?"

"ಒಳಗೆ ಹುಳ ಅವೆ. ರೋಗ ಬಂದ್ರೆ ಬೆಳೆ ಹೋಗ್ತದೆ. ಸೆಂಟು ಹಾಕ್ಕೊಂಡಿದ್ದೀರಾ?"

"ಸ್ವಲ್ಪ..."

"ಹಂಗಾದ್ರೆ ಅಲ್ಲಿಂದ್ಲೇ ನೋಡಿ."

ನಾನು ಮಧ್ಯೆ ನುಗ್ಗಿ, ಕೈಮುಗಿದು, ಹಲ್ಲು ಕಿರಿದು, ಇನ್ಸ್‌ಪೆಕ್ಟರರ ಕಾಲು ತೊಳೆಸಿ, ಅವರ ಅಂಗಿಯ ಮೇಲೆ ನನ್ನ ಹಳೆಯ ಟವಲ್ ಹೊದಿಸಿ ಕರೆದುಕೊಂಡು ಹೋದೆ. ಅವರು ಕಾರಿನ ಮುಂದೆ ನಿಂತರು. ಒಳಗೆಲ್ಲ ಬೆಳ್ಳಗೆ, ದಾರದ ಮಂಜು ಕವಿದ ಹಾಗೆ. ಇಪ್ಪತ್ತು ಸಾವಿರ ತಲೆಗಳು ಎಡಕ್ಕೆ ಬಲಕ್ಕೆ ಆಡುತ್ತಿದ್ದವು.

"ಮೂಲ ರೂಪದಲ್ಲಿರಬೇಕು ಅಂತ ನಿಯಮ ಇದೆ, ಆವಲಪ್ಪನೋರೇ," ಎಂದರು ನಿಧಾನವಾಗಿ.

"ಗಾಡಿ ಮೂಲ ರೂಪದಲ್ಲೇ ಇದೆ ಸಾರ್. ಪ್ರಯಾಣಿಕರು ಮಾತ್ರ ಹೊಸಬರು."

"ಇಂಜಿನ್ ಸ್ಟಾರ್ಟ್ ಮಾಡಿ ತೋರ್ಸಿ."

"ಹೊಗೆ ಬಂದ್ರೆ ಹುಳ ಸಾಯ್ತವೆ," ಎಂದಳು ಅಶ್ವತ್ಥಮ್ಮ.

"ಹೋಗ್ಲಿ, ಬಾನೆಟ್ ಎತ್ತಿ. ಚಾಸಿ ನಂಬರ್ ತಗೋಬೇಕು."

ಬೆಕ್ಕಿನ ಹೆಜ್ಜೆಯಲ್ಲಿ ಎತ್ತಿದೆ. ನಂಬರಿನ ಮೇಲೆ ಸರಿಯಾಗಿ ನಾಲ್ಕು ಹುಳು ಕೂತು ಗೂಡು ಸುತ್ತುತ್ತಿದ್ದವು. ಹರಿಕೃಷ್ಣ ಪೆನ್ಸಿಲಿನ ತುದಿಯಿಂದ ಸರಿಸಲು ಹೋದರು.

"ಮುಟ್ಟಬೇಡಿ! ಮೂರು ದಿನ ಅಲ್ಲಾಡಿಸಬಾರ್ದು!"

"ಅಮ್ಮಾ, ಇದು ಸರ್ಕಾರಿ ಕೆಲಸ."

"ಇರ್ಬೋದಪ್ಪ. ಆದ್ರೆ ಹುಳ ಸರ್ಕಾರಿ ನೌಕರ ಅಲ್ಲ ನೋಡಿ, ಕೆಲಸ ಅರ್ಧಕ್ಕೆ ಬಿಟ್ಟು ಏಳೋದು ಅದಕ್ಕೆ ಗೊತ್ತಿಲ್ಲ."

ಮುಗಿಯಿತು, ಎಂದುಕೊಂಡೆ. ಪ್ಲೇಟು ಹೋಯಿತು, ಯುಗಾದಿ ಹೋಯಿತು, ಕೊಂಡಪ್ಪ ಮುಂದಿನ ಇಪ್ಪತ್ತು ಹಬ್ಬಕ್ಕೆ ಈ ಕಥೆ ಹೇಳಿಕೊಂಡು ಉಣ್ಣುತ್ತಾನೆ. ಹರಿಕೃಷ್ಣ ಫೈಲು ಮುಚ್ಚಿದರು. ಆಮೇಲೆ ಬಗ್ಗಿ, ಕಿಟಕಿಯೊಳಗೆ ಕಣ್ಣಿಟ್ಟು, ಹುಳು ಸಾಕಿದವರಷ್ಟೇ ಕೇಳುವ ಪ್ರಶ್ನೆ ಕೇಳಿದರು.

"ಎಷ್ಟು ಚಿಟ್ಟೆ ಮೊಟ್ಟೆ ತಂದು ಚಾಕಿ ಕಟ್ಟಿದ್ರಮ್ಮಾ?"

"ನೂರು. ಯಾಕಪ್ಪಾ?"

"ನಮ್ಮದು ಚಿಂತಾಮಣಿ ಕಡೆ. ಅಮ್ಮ ಹುಳ ಸಾಕಿಯೇ ನನ್ನನ್ನ ಓದ್ಸಿದ್ದು. ಒಂದ್ಸಲ ಚಂದ್ರಿಕೆ ಸಾಲದೆ ನನ್ನ ಸ್ಕೂಲ್ ಬ್ಯಾಗಲ್ಲಿ ಬಿಟ್ಟಿದ್ರು." ಟವಲ್ ನನಗೆ ವಾಪಸು ಕೊಟ್ಟರು. "ಗೂಡು ಬಿಡಿಸಿದ ಮೇಲೆ ಬರ್ತೀನಿ. ಅಲ್ಲೀವರೆಗೂ ಈ ಗಾಡಿನ ಮುಟ್ಟಬೇಡಿ, ಆವಲಪ್ಪನೋರೇ. ಇದು ಇಲಾಖೆ ಆದೇಶ ಅಂದ್ಕೊಳ್ಳಿ."

ಅಶ್ವತ್ಥಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. ನನಗೆ ಕೊಡಲಿಲ್ಲ.

ಆರನೇ ದಿನ ಗೂಡು ಬಿಡಿಸಿದೆವು. ಬೆರಳು ತೂರದ ಸಂದುಗಳಿಂದ ಹೇರ್‌ಪಿನ್ನು, ಹೆಣಿಗೆ ಕಡ್ಡಿ, ಕೊನೆಗೆ ಸೊಸೆಯ ಹುಬ್ಬು ಕೀಳುವ ಚಿಮುಟ, ಎಲ್ಲ ಹಿಡಿದು ಕಿತ್ತೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ರಾಶಿಯಿಂದ ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ, ನೂಲು ಬಿಚ್ಚುವ ರೀಲರ್ ಸಾಹೇಬರು, "ಬಹುತ್ ಅಚ್ಛಾ ಮಾಲು! ಯಾವ ಚಂದ್ರಿಕೆ ಅಮ್ಮಾ?" ಎಂದರಂತೆ. "ಅಂಬಾಸಿಡರ್," ಎಂದಳಂತೆ ನನ್ನ ಹೆಂಡತಿ. ಅದು ಹೊಸ ಕಂಪನಿಯೇನೋ ಎಂದು ಅವರು ಚೀಟಿಯಲ್ಲಿ ಬರೆದುಕೊಂಡರಂತೆ.

ಹರಿಕೃಷ್ಣ ಹೇಳಿದ ಮಾತಿನಂತೆ ಬಂದರು. ಈ ಸಲ ಸೆಂಟಿಲ್ಲದೆ. ಗಾಡಿ ನಾಲ್ಕನೇ ಸಲಕ್ಕೆ ಶುರುವಾಯಿತು. ವರದಿ ಹೋಯಿತು. ಯುಗಾದಿಗೆ ನಾಲ್ಕು ದಿನವಿರುವಾಗ ಆದೇಶ ಬಂತು. ಶಿರೀಷಾ ಮೊಬೈಲಿನಲ್ಲಿ ಓದತೊಡಗಿದಳು. ನಾನು ಎದೆಯುಬ್ಬಿಸಿ ನಿಂತೆ.

"ಮಾವಾ, ವಿಂಟೇಜ್ ಅಂತ ಒಪ್ಪಿಗೆ ಸಿಕ್ಕಿದೆ!"

"ಹೇಳಿದ್ನಾ! ವಿಎ ಪಕ್ಕದಲ್ಲಿ ಯಾವ ನಂಬರು?"

"ಅದು... ವಿಎ ಇಲ್ಲ ಮಾವಾ. ಅದು ಹೊಸದಾಗಿ ನೋಂದಣಿ ಆಗೋ ಗಾಡಿಗಂತೆ. ಮೊದಲೇ ನೋಂದಣಿ ಆಗಿರೋದಕ್ಕೆ ಹಳೇ ನಂಬರೇ ಇರುತ್ತೆ."

"ಅಂದ್ರೆ, ಅದೇ ತುಕ್ಕು ಹಿಡಿದ ಪ್ಲೇಟಾ?"

"ಅದೇ. ಆಮೇಲೆ ಇನ್ನೊಂದು ಇದೆ. ನಿತ್ಯದ ಓಡಾಟಕ್ಕೆ ರಸ್ತೆಗೆ ತರೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲು, ಇಂಥದಕ್ಕೆ ಮಾತ್ರ."

"ಯುಗಾದಿ?"

"ಯುಗಾದಿ ಇಲ್ಲ ಮಾವಾ."

ಅಶ್ವತ್ಥಮ್ಮ ಅಕ್ಕಿ ಆರಿಸುತ್ತಾ ತಲೆಯೆತ್ತದೆ ಹೇಳಿದಳು: "ಇಷ್ಟು ವರ್ಷ ಅದು ಓಡೋಕಾಗದೆ ನಿಂತಿತ್ತು. ಈಗ ಓಡಬಾರ್ದು ಅಂತ ನಿಲ್ಸಿದ್ದಾರೆ. ಇದಕ್ಕೋಸ್ಕರ ಒಂದು ವರ್ಷ ಓಡಾಡಿದ್ದು ನೀವು."

ಹೀಗೆ ಯುಗಾದಿಯ ಹಿಂದಿನ ದಿನ ಚಿಕ್ಕಬಳ್ಳಾಪುರದಲ್ಲಿ ನಾವಿಬ್ಬರೂ ಮಂಚೇನಹಳ್ಳಿ ಮೇಲೆ ಹೋಗುವ ಗೌರಿಬಿದನೂರು ಬಸ್ಸು ಹತ್ತಿದೆವು. ಕೊಂಡಪ್ಪನಿಗೆ ತೋರಿಸಲು ಏನಾದರೂ ಬೇಕಲ್ಲ! ಆದೇಶವನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ, ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಕಂಡಕ್ಟರ್ ಅಶ್ವತ್ಥಮ್ಮನಿಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟು ನನ್ನ ಕಡೆ ತಿರುಗಿದ.

"ಹಿರಿಯ ನಾಗರಿಕರಾ ತಾತಾ? ರಿಯಾಯಿತಿಗೆ ವಯಸ್ಸಿನ ಕಾರ್ಡ್ ತೋರ್ಸಿ."

ನೂಕುನುಗ್ಗಲಲ್ಲಿ ಜೇಬಿಗೆ ಕೈಹಾಕಿ, ಸಿಕ್ಕ ಕಾರ್ಡು ಎತ್ತಿ ಕೊಟ್ಟೆ. ಕಂಡಕ್ಟರ್ ಗಟ್ಟಿಯಾಗಿ ಓದಿದ. ಇಡೀ ಬಸ್ಸು ಕೇಳಿಸಿಕೊಂಡಿತು.

"'ಐವತ್ತು ವರ್ಷ ಮೀರಿದೆ. ಮೂಲ ರೂಪದಲ್ಲೇ ಇದೆ. ಪ್ರದರ್ಶನಕ್ಕೆ ಮಾತ್ರ, ನಿತ್ಯದ ಬಳಕೆಗೆ ಅಲ್ಲ.' ಇದೇನು ತಾತಾ, ಯಾರದಿದು?"

ನಾನು ಬಾಯಿ ತೆರೆಯುವ ಮೊದಲೇ ಅಶ್ವತ್ಥಮ್ಮ ಕಿಟಕಿಯ ಕಡೆಯಿಂದ ಹೇಳಿದಳು:

"ಅವರದೇ ಕಣಪ್ಪಾ. ಟಿಕೆಟ್ ಕೊಡು."